ಎಡವಿದ ಕಲ್ಲಿನಿಂದ ಎದ್ದ ಅರಮನೆ

ದಾರಿಯಲ್ಲಿ ಕಾಲಿಗೆ ಕಲ್ಲು ತಗುಲಿದರೆ ಜನ ಏನು ಮಾಡುತ್ತಾರೆ? ಆ ಕಲ್ಲಿಗೊಂದು ಬೈದು, ಬೆರಳು ಉಜ್ಜಿಕೊಂಡು, ಮುಂದೆ ಹೋಗುತ್ತಾರೆ. ಫ್ರಾನ್ಸ್ ದೇಶದ ಒಬ್ಬ ಪೋಸ್ಟ್‌ಮನ್ ಹಾಗೆ ಮಾಡಲಿಲ್ಲ. ಕಲ್ಲನ್ನು ಎತ್ತಿ ತಿರುಗಿಸಿ ನೋಡಿದ. ಜೇಬಿಗೆ ಹಾಕಿಕೊಂಡ. ಮಾರನೇ ದಿನ ಅದೇ ಜಾಗಕ್ಕೆ ಹೋಗಿ ಇನ್ನೂ ನಾಲ್ಕು ಕಲ್ಲು ಆರಿಸಿದ. ಹೀಗೇ ಮೂವತ್ತಮೂರು ವರ್ಷ! ಕೊನೆಗೆ ನೋಡಿದರೆ ಆತನ ತರಕಾರಿ ಹಿತ್ತಿಲಲ್ಲಿ ಒಂದು ಅರಮನೆಯೇ ಎದ್ದು ನಿಂತಿತ್ತು.

ಅಜ್ಜಿಕಥೆ ಅಂತ ತಿಳಿಯಬೇಡಿ. ಅರಮನೆ ಈಗಲೂ ಇದೆ. ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದು. ಲಿಯೋನ್ ನಗರದಿಂದ ದಕ್ಷಿಣಕ್ಕೆ ಹೋದರೆ ದ್ರೋಮ್ ಅನ್ನುವ ಜಿಲ್ಲೆ. ಅಲ್ಲಿ ಗಲೋರ್ ಎಂಬ ಸಣ್ಣ ನದಿಯ ಕಣಿವೆಯಲ್ಲಿ ಓತ್‌ರೀವ್ ಎಂಬ ಹಳ್ಳಿ. ಅಂಗಡಿ, ಚರ್ಚು, ಹೊಲ-ಗದ್ದೆ ಇರುವ ಸಾಧಾರಣ ಊರು. ಈ ಊರಿಗೆ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರೆ. ಬರುವುದು ಒಬ್ಬ ಟಪಾಲಿನವನ ಕೈಕೆಲಸ ನೋಡಲಿಕ್ಕೆ.

ಆತನ ಹೆಸರು ಫರ್ಡಿನಾಂಡ್ ಶೆವಾಲ್. ಫ್ರೆಂಚ್ ಭಾಷೆಯಲ್ಲಿ ಶೆವಾಲ್ ಅಂದರೆ ಕುದುರೆ. ಹೆಸರಿಗೆ ತಕ್ಕ ದುಡಿಮೆ!

ಬಡತನದ ಹುಡುಗ

ಶೆವಾಲ್ ಹುಟ್ಟಿದ್ದು 1836ರ ಏಪ್ರಿಲ್ 19ರಂದು, ಅದೇ ಜಿಲ್ಲೆಯ ಶಾರ್ಮ್ ಎಂಬ ಹಳ್ಳಿಯಲ್ಲಿ. ಬಡ ರೈತರ ಮನೆ. ಚಿಕ್ಕಂದಿನಲ್ಲೇ ತಾಯಿ ಹೋದಳು, ಇಪ್ಪತ್ತು ತುಂಬುವ ಮೊದಲೇ ತಂದೆಯೂ ಹೋದ. ಓದು ಹದಿಮೂರನೇ ವಯಸ್ಸಿಗೇ ಮುಗಿಯಿತು. ಹುಡುಗ ಬೇಕರಿಯಲ್ಲಿ ಕೆಲಸಕ್ಕೆ ನಿಂತ. ಹಿಟ್ಟು ನಾದುವುದು, ಒಲೆ ಉರಿಸುವುದು, ರೊಟ್ಟಿ ತೆಗೆಯುವುದು. ಮುಂದೆ ಈ ಕೈ ಸುಣ್ಣ-ಸಿಮೆಂಟನ್ನು ಹಿಟ್ಟಿನ ಹಾಗೇ ನಾದಿತು ನೋಡಿ. ಅರಮನೆಯ ಗೋಡೆ ಕಂಡವರಿಗೆ ಇದು ಮೇಸ್ತ್ರಿಯ ಕೆಲಸಕ್ಕಿಂತ ಬೇಕರಿಯವನ ಕೆಲಸ ಅನ್ನಿಸಿದರೆ ತಪ್ಪಿಲ್ಲ.

1858ರಲ್ಲಿ ರೊಸಾಲಿ ಎಂಬಾಕೆಯೊಡನೆ ಮದುವೆ. ಮೊದಲ ಗಂಡು ಮಗು ವರ್ಷ ತುಂಬುವ ಹೊತ್ತಿಗೆ ತೀರಿಹೋಯಿತು. ಎರಡನೆಯವ ಸಿರಿಲ್ ಬದುಕಿಕೊಂಡ. ಬೇಕರಿ ಕೆಲಸ ಕೈಹಿಡಿಯಲಿಲ್ಲ. 1867ರಲ್ಲಿ ಶೆವಾಲ್ ಅಂಚೆ ಇಲಾಖೆ ಸೇರಿದ. ಸರ್ಕಾರಿ ನೌಕರಿ ಅಂತ ಹೆಸರು, ಸಂಬಳ ಮಾತ್ರ ಅಷ್ಟಕ್ಕಷ್ಟೆ. 1869ರಲ್ಲಿ ಓತ್‌ರೀವ್‌ಗೆ ವರ್ಗವಾಯಿತು. 1873ರಲ್ಲಿ ರೊಸಾಲಿಯೂ ತೀರಿಕೊಂಡಳು. ಚಿಕ್ಕ ಹುಡುಗ ಸಿರಿಲ್‌ನನ್ನು ಬೇರೆಯವರ ಮನೆಯಲ್ಲಿ ಬಿಡಬೇಕಾಯಿತು.

ಆಗಿನ ಹಳ್ಳಿ ಪೋಸ್ಟ್‌ಮನ್ ಅಂದರೆ ಸೈಕಲ್ಲಿಲ್ಲ, ಗಾಡಿಯಿಲ್ಲ. ಹೆಗಲಿಗೆ ಟಪಾಲು ಚೀಲ, ಕಾಲಿಗೆ ಬೂಟು, ಅಷ್ಟೆ. ಶೆವಾಲ್‌ನ ದಿನದ ಸುತ್ತು ಸುಮಾರು 32 ಕಿಲೋಮೀಟರು. ಬಿಸಿಲಿರಲಿ, ಹಿಮ ಬೀಳಲಿ, ಕಾಗದ ಮನೆ ಮುಟ್ಟಬೇಕು. ಒಂದೇ ದಾರಿ, ಅದೇ ಬೇಲಿ, ಅದೇ ಮರ. ಒಬ್ಬನೇ ನಡೆಯುವವನಿಗೆ ಯೋಚನೆ ಬಿಟ್ಟು ಬೇರೆ ಜೊತೆ ಯಾರು? ನಡೆಯುತ್ತಾ ನಡೆಯುತ್ತಾ ಆತ ಮನಸ್ಸಿನಲ್ಲೇ ಒಂದು ಕನಸಿನ ಅರಮನೆ ಕಟ್ಟುತ್ತಿದ್ದ. ಗುಹೆ, ಗೋಪುರ, ತೋಟ, ಶಿಲ್ಪ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬಿಟ್ಟರೆ ನಗುತ್ತಾರೆ ಅಂತ ಭಯ. ವರ್ಷ ಕಳೆದ ಹಾಗೆ ಕನಸೂ ಮಾಸಿಹೋಯಿತು.

ಆ ಸಮಯಕ್ಕೆ ಬಂತು ಕಲ್ಲು!

1879ರ ಏಪ್ರಿಲ್. ಆತನಿಗೆ ನಲವತ್ತಮೂರು. ಹಿಂದಿನ ವರ್ಷವಷ್ಟೇ ಫಿಲೊಮೆನ್ ಎಂಬ ವಿಧವೆಯನ್ನು ಮದುವೆಯಾಗಿ ಮತ್ತೆ ಸಂಸಾರ ಹೂಡಿದ್ದ. ಟಪಾಲು ಹಂಚುವ ಆತುರದಲ್ಲಿ ಕಾಲು ಎಡವಿತು. ಬೀಳುವುದೊಂದು ಬಾಕಿ. ಬಗ್ಗಿ ನೋಡಿದರೆ ವಿಚಿತ್ರ ಆಕಾರದ ಕಲ್ಲು. ನೀರು ಸವೆಸಿ ಸವೆಸಿ ಯಾರೋ ಶಿಲ್ಪಿ ಕೆತ್ತಿದ ಹಾಗೆ ಮಾಡಿತ್ತು. ಪ್ರಕೃತಿಯೇ ಶಿಲ್ಪ ಮಾಡುವುದಾದರೆ ಗಾರೆ ಕೆಲಸ, ಕಟ್ಟಡದ ಕೆಲಸ ನಾನು ಮಾಡುತ್ತೇನೆ ಅಂತ ಆತ ಆವತ್ತೇ ನಿರ್ಧರಿಸಿಬಿಟ್ಟ. ಅದೇ 1879ರಲ್ಲಿ ಮಗಳು ಆಲಿಸ್ ಹುಟ್ಟಿದಳು. ಮಗಳೂ ಅರಮನೆಯೂ ಒಂದೇ ವರ್ಷದ ಕೂಸುಗಳು.

ಜೇಬು, ಬುಟ್ಟಿ, ಕೈಗಾಡಿ

ಮೊದಮೊದಲು ಕಲ್ಲು ಜೇಬಿನಲ್ಲಿ ಬರುತ್ತಿತ್ತು. ಜೇಬು ಸಾಲದಾಯಿತು, ಬುಟ್ಟಿ ಬಂತು. ಬುಟ್ಟಿಯೂ ಸಾಲದಾಯಿತು, ಒಂಟಿ ಚಕ್ರದ ಮರದ ಕೈಗಾಡಿ ಬಂತು. ಹಗಲು ಟಪಾಲು ಹಂಚುವಾಗ ಒಳ್ಳೆಯ ಕಲ್ಲು ಕಂಡರೆ ದಾರಿ ಪಕ್ಕಕ್ಕೆ ಗುಡ್ಡೆ ಹಾಕುವುದು. ಡ್ಯೂಟಿ ಮುಗಿದ ಮೇಲೆ ಗಾಡಿ ತಳ್ಳಿಕೊಂಡು ಹೋಗಿ ತರುವುದು. ಮೂವತ್ತೆರಡು ಕಿಲೋಮೀಟರು ನಡೆದು ಬಂದವನು ಮತ್ತೆ ಅದೇ ದಾರಿಗೆ ಗಾಡಿ ತಳ್ಳುವುದೆಂದರೆ ಸುಮ್ಮನೆ ಮಾತೇ ಸ್ವಾಮೀ?

ರಾತ್ರಿ ದೀಪ ಹಚ್ಚಿಟ್ಟುಕೊಂಡು ಗೋಡೆ ಕೆಲಸ. ಕರಣೆ ಹಿಡಿದು ಕಲಿತವನಲ್ಲ, ನಕ್ಷೆ ಬರೆಯಲು ಬರುವವನಲ್ಲ, ಇಂಜಿನಿಯರ್ ಮುಖ ಕಂಡವನಲ್ಲ. ಸುಣ್ಣ, ಗಾರೆ, ಸಿಮೆಂಟು ಕಲಸಿ, ಒಳಗೆ ಕಬ್ಬಿಣದ ತಂತಿ ಕೊಟ್ಟು, ಮೇಲೆ ಬೆಣಚು ಕಲ್ಲು, ಚಿಪ್ಪು, ಬಸವನಹುಳುವಿನ ಗೂಡು ಎಲ್ಲ ಅಂಟಿಸುತ್ತಾ ಹೋದ. ತಂತಿಯ ಮೇಲೆ ಸಿಮೆಂಟು ಹಾಕುವ ಈ ಉಪಾಯವನ್ನು ನೋಡಿದ ಈಗಿನ ಕಟ್ಟಡ ಬಲ್ಲವರು, ಅದು ಆರ್‌ಸಿಸಿಯ ದಾಯಾದಿಯೇ ಅನ್ನುತ್ತಾರೆ.

ಊರ ಜನ ಸುಮ್ಮನಿರುತ್ತಾರೆಯೇ? ಪೋಸ್ಟ್‌ಮನ್‌ಗೆ ತಲೆ ಕೆಟ್ಟಿದೆ ಅಂತ ಊರೆಲ್ಲ ಗುಸುಗುಸು. ಹಿತ್ತಿಲ ತುಂಬ ಕಲ್ಲು ತುಂಬಿಕೊಂಡಿದ್ದಾನೆ, ಸೊಪ್ಪು-ತರಕಾರಿ ಬೆಳೆಯುವ ಜಾಗ ಹಾಳು ಮಾಡಿದ್ದಾನೆ ಅಂತ ನಗೆ. ಈ ಹುಚ್ಚು ಅಂಟುರೋಗವಲ್ಲವಲ್ಲ, ಸದ್ಯ, ಅಂತ ಜನ ಸಮಾಧಾನ ಮಾಡಿಕೊಂಡರು ಅಂತ ಆತನೇ ಮುಂದೆ ಬರೆದಿಟ್ಟಿದ್ದಾನೆ. ಬರಹದಲ್ಲಿ ಕೋಪ ಕಾಣುವುದಿಲ್ಲ. ಬಿಗುಮಾನ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಗೋಡೆ ಗೋಡೆಯ ಮೇಲೂ ತನ್ನ ಶ್ರಮದ ಬಗ್ಗೆ ತಾನೇ ವಾಕ್ಯ ಕೊರೆದಿದ್ದಾನೆ. ನಮ್ರತೆ ಆತನ ಸ್ವಭಾವವಲ್ಲ. ಅಷ್ಟು ದುಡಿದವನಿಗೆ ಅಷ್ಟು ಜಂಬ ಇರಲಿ ಬಿಡಿ.

ಒಂದು ಮಾತು ಹೇಳಲೇಬೇಕು. ಈ ಗೀಳಿಗಾಗಿ ಆತ ಕೆಲಸ ಬಿಡಲಿಲ್ಲ. 1896ರಲ್ಲಿ ನಿವೃತ್ತಿಯಾಗುವ ತನಕ ಚೀಲ ಹೆಗಲಿನಿಂದ ಇಳಿಯಲಿಲ್ಲ. ಅರಮನೆಯ ಖರ್ಚು ಹೊರಟದ್ದೂ ಅದೇ ಸಂಬಳದಿಂದ.

ಒಳಗೆ ಹೋದರೆ

ಈಗ ನೋಡಲು ಹೋದವರ ಕಣ್ಣಿಗೆ ಮೊದಲು ಹೊಡೆಯುವುದು ಪೂರ್ವದ ಗೋಡೆ. ಉದ್ದ 26 ಮೀಟರು. ಇದೊಂದಕ್ಕೇ ಇಪ್ಪತ್ತು ವರ್ಷ ಹಿಡಿಯಿತು. ಮೊದಲು ಕಟ್ಟಿದ್ದು ಒಂದು ಕಾರಂಜಿ. ಅದಕ್ಕೆ ಜೀವನದ ಚಿಲುಮೆ ಅಂತ ಹೆಸರು. ಆಮೇಲೆ ಗುಹೆ, ಇನ್ನೊಂದು ಕಾರಂಜಿ, ಈಜಿಪ್ಟಿನ ರಾಜರ ಗೋರಿಯ ಮಾದರಿ. ಗೋಡೆಗೆ ಒರಗಿ ನಿಂತ ಮೂವರು ದೈತ್ಯರು. ಉದ್ದನೆಯ ಕಾಲು, ಸಣಕಲು ಮೈ. ಯಾರು ಅಂದರೆ ರೋಮಿನ ಸೀಸರ್, ಅವನ ಎದುರು ಹೋರಾಡಿದ ಗಾಲ್ ನಾಡಿನ ವರ್ಸಿಂಜೆಟೊರಿಕ್ಸ್, ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್. ಯುದ್ಧದಲ್ಲಿ ಒಬ್ಬರನ್ನೊಬ್ಬರು ಮುಗಿಸಲು ನೋಡಿದ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಅರಮನೆಯ ಕಾವಲಿಗೆ ಹಾಕಿದ್ದಾನೆ. ಎಂಥಾ ಧೈರ್ಯ!

ಪಶ್ಚಿಮದ ಗೋಡೆಗೆ ಬಂದರೆ ಇಡೀ ಪ್ರಪಂಚವೇ ಸಾಲಾಗಿ ನಿಂತಿದೆ. ಮಸೀದಿ ಇದೆ. ಸ್ವಿಟ್ಜರ್ಲೆಂಡಿನ ಮರದ ಮನೆ ಇದೆ. ಅಮೆರಿಕದ ಶ್ವೇತಭವನ ಇದೆ. ಅಲ್ಜೀರಿಯಾದ ಚೌಕದ ಮನೆ ಇದೆ. ಹಳೇ ಕಾಲದ ಕೋಟೆ ಇದೆ. ನಮ್ಮವರು ಗಮನಿಸಬೇಕಾದ್ದು, ಇವುಗಳ ನಡುವೆ ಒಂದು ಹಿಂದೂ ದೇವಾಲಯವೂ ಇದೆ! ಭಾರತ ಎಲ್ಲಿ, ಆ ಹಳ್ಳಿ ಎಲ್ಲಿ. ಆತ ನಮ್ಮ ಒಂದು ಗುಡಿಯ ಮೆಟ್ಟಿಲೂ ಹತ್ತಿದವನಲ್ಲ. ಹಾಗಾದರೆ ನೋಡಿದ್ದೆಲ್ಲಿ?

ಉತ್ತರ ಟಪಾಲು ಚೀಲದಲ್ಲೇ ಇತ್ತು. ಆ ಕಾಲದಲ್ಲಿ ಚಿತ್ರವಿರುವ ಮಾಸಪತ್ರಿಕೆಗಳು ಊರೂರಿಗೆ ಬರತೊಡಗಿದ್ದವು. ಚಿತ್ರದ ಪೋಸ್ಟ್‌ಕಾರ್ಡುಗಳೂ ಬಂದವು. ಹಂಚುವವನ ಕೈಮೇಲೆ ಹಾದುಹೋಗಲೇಬೇಕಲ್ಲ. ಬೇರೆ ಪೋಸ್ಟ್‌ಮನ್‌ಗಳು ವಿಳಾಸ ಓದಿದರು, ಈತ ಚಿತ್ರ ನೋಡಿದ. ಚಂದಾದಾರರಿಗೆ ತಲುಪಿದ ಪ್ರಪಂಚವೆಲ್ಲ ಆತನ ಹಿತ್ತಿಲಿಗೂ ತಲುಪಿತು. ನಮ್ಮ ಕಡೆಯ ಸ್ಥಪತಿ ಯಾರಾದರೂ ಆ ದೇವಾಲಯವನ್ನು ನೋಡಿದರೆ ತಲೆ ಚಚ್ಚಿಕೊಂಡಾರು. ಶಿಖರದ ಲೆಕ್ಕವಿಲ್ಲ, ಶಾಸ್ತ್ರವಿಲ್ಲ. ಆದರೂ ಗೌರವ ಇದೆ. ಮಸೀದಿ, ಗುಡಿ, ಕ್ರೈಸ್ತ ಸಂತರ ಗುಹೆ ಎಲ್ಲವನ್ನೂ ಒಂದೇ ಸಿಮೆಂಟಿನಲ್ಲಿ ಕೂಡಿಸಿದವನು ಯಾವ ಪಕ್ಷದವನೂ ಅಲ್ಲ, ಯಾವ ಸಂಘದವನೂ ಅಲ್ಲ.

ನಡುವೆ ಸುರಂಗದಂಥ ಓಣಿ. ಉದ್ದ 20 ಮೀಟರಿನಷ್ಟು. ಗೋಡೆಗಳ ಮೇಲೆ ಆನೆ, ಒಂಟೆ, ಕರಡಿ, ಹಕ್ಕಿ. ಮೆಟ್ಟಿಲು ಹತ್ತಿದರೆ ಮೇಲೆ ತಾರಸಿ. ಮೊದಲು ಎಡವಿಸಿದ ಕಲ್ಲಿಗೆ ಅಲ್ಲೇ ಸ್ಥಾನ. ಹಣೆಬರಹ ನೋಡಿ, ದಾರಿಯಲ್ಲಿ ಜನರ ಕಾಲಿಗೆ ಸಿಗುತ್ತಿದ್ದ ಕಲ್ಲು ಈಗ ಪ್ರವಾಸಿಗರ ಕ್ಯಾಮೆರಾಕ್ಕೆ ಸಿಗುತ್ತಿದೆ. ಕೆಳಗಡೆ ಒಂದು ಗೂಡಿನಲ್ಲಿ ಆ ಒಂಟಿ ಚಕ್ರದ ಕೈಗಾಡಿಯನ್ನೂ ಇಟ್ಟಿದ್ದಾರೆ. ದೇವರ ಕೋಣೆಯಲ್ಲಿ ಇಟ್ಟ ಹಾಗೆ ಇಟ್ಟದ್ದು ಶೆವಾಲ್‌ನೇ. ಆತನ ಬದುಕಿನಲ್ಲಿ ಕಡೆತನಕ ದೂರು ಹೇಳದೆ ಜೊತೆಗೆ ನಡೆದದ್ದು ಅದೊಂದೇ.

ಇಷ್ಟೆಲ್ಲ ನೋಡಿದ ಮೇಲೆ ಮನೆಗೆಲಸ ಬಲ್ಲ ಹೆಂಗಸರು ಒಂದು ಪ್ರಶ್ನೆ ಕೇಳುತ್ತಾರೆ: ಅಡುಗೆಮನೆ ಎಲ್ಲಿ? ಮಲಗುವ ಕೋಣೆ ಎಲ್ಲಿ? ಇಲ್ಲ! ಅರಮನೆಯಲ್ಲಿ ವಾಸಕ್ಕೆ ಒಂದು ಕೋಣೆಯೂ ಇಲ್ಲ. ಯಾರೂ ಯಾವತ್ತೂ ಅಲ್ಲಿ ಸಂಸಾರ ಮಾಡಿಲ್ಲ. ವಾಸಕ್ಕೆ ಪಕ್ಕದಲ್ಲೇ ಬೇರೆ ಮನೆ ಕಟ್ಟಿಸಿಕೊಂಡಿದ್ದ. ಅದರ ಹೆಸರು ವಿಲ್ಲಾ ಅಲಿಸಿಯಸ್.

ಆ ಹೆಸರಿನ ಹಿಂದೆ ಕಣ್ಣೀರಿದೆ. ಮಗಳು ಆಲಿಸ್ 1894ರಲ್ಲಿ ಹದಿನೈದು ವರ್ಷಕ್ಕೇ ತೀರಿಕೊಂಡಳು. ತನ್ನಷ್ಟೇ ವಯಸ್ಸಿನ ಅರಮನೆ ಮೇಲೇಳುತ್ತಿದ್ದುದನ್ನು ನೋಡಿದಳು, ಮುಗಿದದ್ದನ್ನು ನೋಡಲಿಲ್ಲ. ಅಪ್ಪ ಮನೆಗೆ ಅವಳ ಹೆಸರಿಟ್ಟ. ಕರಣೆ ಕೆಳಗಿಡಲಿಲ್ಲ. ಇಟ್ಟಿದ್ದರೆ ಏನಾಗುತ್ತಿತ್ತೋ ಹೇಳುವುದು ಕಷ್ಟ.

ಲೆಕ್ಕ ಪಕ್ಕಾ

1912ರಲ್ಲಿ ಕೆಲಸ ಮುಗಿಯಿತು. ಶೆವಾಲ್‌ನಿಗೆ ಆಗ ಎಪ್ಪತ್ತಾರು. ಅಂಗಡಿಯವರು ಕೇಳುವ ಪ್ರಶ್ನೆಗೆ ಆತನೇ ಉತ್ತರ ಗೋಡೆಯ ಮೇಲೆ ಬರೆದಿದ್ದಾನೆ: 33 ವರ್ಷ, 10,000 ದಿನ, 93,000 ಗಂಟೆ. ಭಾಗಿಸಿ ನೋಡಿದರೆ ದಿನಕ್ಕೆ ಒಂಬತ್ತು ಗಂಟೆಗೆ ಮೇಲಾಯಿತು. ಟಪಾಲು ಹಂಚುತ್ತಿದ್ದ ದಿನಗಳಲ್ಲಿ ಒಂಬತ್ತು ಗಂಟೆ ಹೇಗೆ ಹೊಂದಿಸಿದನೋ! ಲೆಕ್ಕ ತುಸು ಉದಾರವಾಯಿತು ಅನ್ನಬಹುದು. ನಿವೃತ್ತಿಯಾದ ಮೇಲೆ ಹದಿನಾರು ವರ್ಷ ಹಗಲೆಲ್ಲಾ ದುಡಿದದ್ದನ್ನು ಸೇರಿಸಿದರೆ ಬಹಳ ದೂರವೂ ಇಲ್ಲ. ಸುಣ್ಣ-ಸಿಮೆಂಟು 3,500 ಚೀಲ, ಖರ್ಚು 5,000 ಫ್ರಾಂಕ್ ಅಂತ ಇನ್ನೊಂದು ಲೆಕ್ಕ ಕೊಟ್ಟಿದ್ದಾನೆ. ಕಲ್ಲಿಗೆ ಕಾಸಿಲ್ಲ, ಕೂಲಿಗೆ ಕಾಸಿಲ್ಲ. ಅದು ಹಿಡಿದರೆ ಯಾರೂ ಕಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ಜನ ನೋಡಲು ಬರಲು ಶುರುವಾಗಿತ್ತು. 1904ರಲ್ಲಿ ಒಬ್ಬ ಕವಿ ಈ ಕಟ್ಟಡದ ಮೇಲೆ ಪದ್ಯ ಬರೆದ. ಆದರ್ಶ ಅರಮನೆ ಅನ್ನುವ ಹೆಸರು ನಿಂತದ್ದು ಅಲ್ಲಿಂದಲೇ. ಪತ್ರಿಕೆಯಲ್ಲಿ ಫೋಟೋ ಬಂತು, ಚಿತ್ರದ ಪೋಸ್ಟ್‌ಕಾರ್ಡ್ ಮಾರಾಟವಾಯಿತು. ಪೋಸ್ಟ್‌ಕಾರ್ಡು ನೋಡಿ ಕಟ್ಟಿದ ಅರಮನೆ ತಾನೇ ಪೋಸ್ಟ್‌ಕಾರ್ಡಾಯಿತು! ನೋಡುಗರು ಕಾಸು ಕೊಟ್ಟು ಒಳಗೆ ಬರುತ್ತಿದ್ದರು. ನಗುತ್ತಿದ್ದ ಊರಿನವರು ಈಗ ಪರಸ್ಥಳದವರಿಗೆ ದಾರಿ ತೋರಿಸತೊಡಗಿದರು.

ಹೂಳಲಿಕ್ಕೆ ಜಾಗವಿಲ್ಲ!

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ. ಆದರೆ ಶೆವಾಲ್‌ನ ಮನಸ್ಸಿನಲ್ಲಿ ಇನ್ನೊಂದು ಆಸೆ ಇತ್ತು. ಈಜಿಪ್ಟಿನ ರಾಜರನ್ನು ಪಿರಮಿಡ್ಡಿನಲ್ಲಿ ಮಲಗಿಸಿದ ಹಾಗೆ ತನ್ನನ್ನು, ತನ್ನ ಹೆಂಡತಿಯನ್ನು ಈ ಅರಮನೆಯೊಳಗೇ ಹೂಳಬೇಕು. ಅದಕ್ಕಾಗಿ ಒಳಗೆ ಜಾಗವನ್ನೂ ಸಿದ್ಧಪಡಿಸಿದ್ದ. ಕಾನೂನು ಒಪ್ಪಲಿಲ್ಲ. ಸತ್ತವರು ಸ್ಮಶಾನಕ್ಕೆ ಹೋಗಬೇಕು, ಹಿತ್ತಿಲಿಗಲ್ಲ ಅಂತ ಅಧಿಕಾರಿಗಳು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಮೂವತ್ತಮೂರು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ ಕಟ್ಟಿದವನಿಗೆ ಕಟ್ಟಕಡೆಯ ಅಪ್ಪಣೆ ಸಿಗಲಿಲ್ಲ.

ಕಾಲವೂ ಕೆಟ್ಟಿತ್ತು. 1912ರಲ್ಲಿ, ಅಂದರೆ ಅರಮನೆ ಮುಗಿದ ವರ್ಷವೇ, ಮಗ ಸಿರಿಲ್ ಹೋದ. 1914ರಲ್ಲಿ ಫಿಲೊಮೆನ್ ಹೋದಳು. ಯುರೋಪಿನಲ್ಲಿ ಮಹಾಯುದ್ಧ ಶುರುವಾಯಿತು. ಎಂಟು ದಶಕ ದಾಟಲು ಹೊರಟ ಮುದುಕ ಒಬ್ಬನೇ ಉಳಿದ.

ಬೇರೆ ಯಾರಾದರೂ ಆಗಿದ್ದರೆ ಮೂಲೆ ಸೇರುತ್ತಿದ್ದರು. ಈತ ಏನು ಮಾಡಿದ ಗೊತ್ತೇ? ಸ್ಮಶಾನಕ್ಕೇ ಹೋಗಬೇಕು ತಾನೇ, ಹಾಗಾದರೆ ಸ್ಮಶಾನದಲ್ಲೇ ಕಟ್ಟುತ್ತೇನೆ ಅಂತ ಮತ್ತೆ ಕೈಗಾಡಿ ಹಿಡಿದ! ಊರ ಸ್ಮಶಾನದಲ್ಲಿ ಜಾಗ ಪಡೆದು, ಕಲ್ಲು ಹೊತ್ತು, ಸಿಮೆಂಟು ಕಲಸಿ, ಇನ್ನೂ ಎಂಟು ವರ್ಷ ದುಡಿದು ತನ್ನ ಗೋರಿ ತಾನೇ ಕಟ್ಟಿಕೊಂಡ. ಮೌನ ಮತ್ತು ಕೊನೆಯಿಲ್ಲದ ವಿಶ್ರಾಂತಿಯ ಗೋರಿ ಅಂತ ಹೆಸರು. 1922ರಲ್ಲಿ ಮುಗಿಸಿದಾಗ ವಯಸ್ಸು ಎಂಬತ್ತಾರು. ಅರಮನೆಯ ಹಾಗೇ ಅದೂ ಬಳ್ಳಿ ಸುತ್ತಿಕೊಂಡಂತೆ, ಮೇಣ ಕರಗಿದಂತೆ ಇದೆ. ಎರಡು ವರ್ಷದ ಬಳಿಕ, 1924ರ ಆಗಸ್ಟ್ 19ರಂದು, ಶೆವಾಲ್ ತೀರಿಕೊಂಡ. ತಾನು ಕಟ್ಟಿದ್ದರಲ್ಲೇ ಮಲಗಿದ. ಅಷ್ಟರಮಟ್ಟಿಗೆ ಹಠ ಗೆದ್ದಿತು.

ಸತ್ತ ಮೇಲೆ ಬಂದ ದೊಡ್ಡವರು

ಕಲಾವಿದರು ಎಚ್ಚೆತ್ತದ್ದು ಆಮೇಲೆ. 1930ರ ದಶಕದಲ್ಲಿ ಪ್ಯಾರಿಸಿನ ಹೊಸ ಪಂಥದ ನಾಯಕ ಆಂದ್ರೆ ಬ್ರೆತೋನ್ ಓತ್‌ರೀವ್‌ಗೆ ಬಂದು ಬೆರಗಾದ, ಪದ್ಯ ಬರೆದ. ಮ್ಯಾಕ್ಸ್ ಅರ್ನ್ಸ್ಟ್ ಶೆವಾಲ್‌ನ ಹೆಸರಿನಲ್ಲೇ ಒಂದು ಚಿತ್ರ ಮಾಡಿದ. 1937ರಲ್ಲಿ ಪಿಕಾಸೊ ಕೂಡ ಈ ಪೋಸ್ಟ್‌ಮನ್‌ನನ್ನು ವಿಷಯವಾಗಿಟ್ಟುಕೊಂಡು ಚಿತ್ರ ಬರೆದ. ಶಾಲೆ ಬಿಟ್ಟ ಹಳ್ಳಿಯವನ ಮುಂದೆ ಪ್ಯಾರಿಸಿನ ಘಟಾನುಘಟಿಗಳೇ ಟೋಪಿ ತೆಗೆದರು.

ಸರ್ಕಾರ ಮಾತ್ರ ನಿಧಾನ. ಇದೆಂಥಾ ವಿಕಾರ, ಇದಕ್ಕೆಂಥಾ ರಕ್ಷಣೆ ಅಂತ 1960ರ ದಶಕದಲ್ಲೂ ಮೂಗು ಮುರಿದ ಅಧಿಕಾರಿಗಳಿದ್ದರು. ಸಂಸ್ಕೃತಿ ಮಂತ್ರಿಯಾಗಿದ್ದ ಸಾಹಿತಿ ಆಂದ್ರೆ ಮಾಲ್ರೋ ಅವರ ಮಾತು ಕೇಳದೆ ಅರಮನೆಯ ಪರವಾಗಿ ನಿಂತ. 1969ರಲ್ಲಿ ಅದು ರಾಷ್ಟ್ರದ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿತು. ಆಗ ಬಹಳ ಜನಕ್ಕೆ ಇದು ಅತಿಯಾಯಿತು ಅನ್ನಿಸಿತ್ತು. ಈಗ ಹಾಗನ್ನುವವರು ಸಿಗುವುದು ಕಷ್ಟ. ಮಳೆ, ಹಿಮ, ಬಿರುಕು ಇವು ಗೋಡೆಗಳನ್ನು ಬಿಡದೆ ಕಾಡುತ್ತವೆ. ತಂತಿ ತುಕ್ಕು ಹಿಡಿದರೆ ಸಿಮೆಂಟು ಉದುರುತ್ತದೆ. ಪಟ್ಟಿಗೆ ಸೇರದೆ ಹೋಗಿದ್ದರೆ ಇಷ್ಟು ಹೊತ್ತಿಗೆ ಅದು ಮತ್ತೆ ಕಲ್ಲುಗುಡ್ಡೆಯಾಗಿರುತ್ತಿತ್ತೇನೋ.

1994ರಿಂದ ಅರಮನೆ ಊರಿನ ಆಡಳಿತದ ಕೈಯಲ್ಲಿದೆ. ಅಂಗಡಿ, ಹೋಟೆಲು, ಬೇಸಿಗೆಯ ಸಂಗೀತ ಕಛೇರಿ, ಎಲ್ಲಕ್ಕೂ ಆ ಹಿತ್ತಿಲೇ ಆಸರೆ. 2019ರಲ್ಲಿ ಶೆವಾಲ್‌ನ ಬದುಕಿನ ಸಿನಿಮಾ ಥಿಯೇಟರಿಗೆ ಬಂತು. ಅದಕ್ಕೂ ಎಷ್ಟೋ ಮುಂಚೆ, 1980ರ ದಶಕದಲ್ಲಿ, ಫ್ರಾನ್ಸಿನ ಅಂಚೆ ಇಲಾಖೆ ಅರಮನೆಯ ಚಿತ್ರವಿರುವ ಸ್ಟಾಂಪು ಹೊರಡಿಸಿತ್ತು. ಅಂಟಿಸಿದ ಕಾಗದಗಳನ್ನು ಹೊತ್ತು ಮನೆಮನೆಗೆ ಮುಟ್ಟಿಸಿದವರು ಆತನ ಕಸುಬಿನವರೇ.

ನೋಡಲು ಹೋಗುವವರು ಅರಮನೆ ಮುಗಿಸಿಕೊಂಡು ಹಾಗೇ ಬಸ್ಸು ಹತ್ತುವುದುಂಟು. ಸ್ಮಶಾನದ ಗೋರಿಯನ್ನು ಬಿಡಬಾರದು. 1975ರಲ್ಲಿ ಅದಕ್ಕೂ ಸರ್ಕಾರದ ರಕ್ಷಣೆ ಸಿಕ್ಕಿದೆ. ಸುತ್ತಲೂ ಊರವರ ಸಾದಾ ಕಲ್ಲಿನ ಸಮಾಧಿಗಳು, ಅವುಗಳ ನಡುವೆ ಪೋಸ್ಟ್‌ಮನ್ ಎಂಬತ್ತರ ವಯಸ್ಸಿನಲ್ಲಿ ಎತ್ತಿ ನಿಲ್ಲಿಸಿದ ಕೆಲಸ.